ಶಂಖನಾದ ಮತ್ತು ಎದೆಗಾರಿಕೆ



ಕುರುಕ್ಷೇತ್ರದಲ್ಲಿ ಬಾಣಗಳಿಗಿಂತ ಮೊದಲು ಹೊರಟದ್ದು ನಾದ. ಭೀಷ್ಮರು ಶಂಖ ಊದಿದರು. ಭೇರಿ, ಕಹಳೆಗಳು ಮೊಳಗಿದವು. ಕೃಷ್ಣ ಪಾಂಚಜನ್ಯವನ್ನೂ ಅರ್ಜುನ ದೇವದತ್ತವನ್ನೂ ಊದಿದರು. ಆದರೆ ಸ್ವಲ್ಪ ಹೊತ್ತಿನಲ್ಲೇ ಆ ಅರ್ಜುನನ ಬಾಯಿ ಒಣಗಿತು, ಮೈ ನಡುಗಿತು, ಗಾಂಡೀವ ಕೈಜಾರಿತು. ಊದಿದವನಿಗೇ ಶಂಖ ಧೈರ್ಯ ಕೊಡಲಿಲ್ಲ. ತನ್ನ ಕರ್ತವ್ಯವೇನೆಂದು ತಿಳಿದ ಮೇಲೆಯೇ ಅವನು ಎದ್ದು ನಿಂತ. ವಾದ್ಯ ರಕ್ತ ಕುದಿಸಬಲ್ಲದು. ಎದೆ ಗಟ್ಟಿ ಮಾಡುವುದು ಧರ್ಮವೇ.

ನಮ್ಮ ಸಂಗೊಳ್ಳಿ ರಾಯಣ್ಣನನ್ನು ನೋಡಿ. 1824ರಲ್ಲಿ ಬ್ರಿಟಿಷರ ವಿರುದ್ಧ ಕಿತ್ತೂರಿಗಾಗಿ ಕಾದಿದ. 1829ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡರೂ ಅವನು ಹಿಂಜರಿಯಲಿಲ್ಲ. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಬ್ರಿಟಿಷರು ಅವನನ್ನು ಗಲ್ಲಿಗೇರಿಸಿದರು. ಲಾವಣಿಕಾರರು, ಗೀಗೀ ಮೇಳದವರು ಅವನನ್ನು ಊರೂರಲ್ಲಿ ಹಾಡಿದ್ದು ಆಮೇಲೆ. ಧೈರ್ಯ ಮೊದಲು ಬಾಳಿತು; ಹಾಡು ಅದರ ಹಿಂದೆ ನಡೆಯಿತು.

ವಾದ್ಯಕ್ಕಿಂತ ಕರ್ತವ್ಯ ದೊಡ್ಡದೆಂಬುದು ಸೈನ್ಯದಲ್ಲೂ ಕಾಣುತ್ತದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಸೈನ್ಯದ ಬ್ಯಾಂಡಿನವರು ಕವಾಯತಿನ ದಿನ ನುಡಿಸುವುದನ್ನಷ್ಟೇ ನಾವು ಕಾಣುತ್ತೇವೆ. ಆದರೆ ಯುದ್ಧ ಬಂದಾಗ ವಾದ್ಯ ಕೆಳಗಿಟ್ಟು, ಗಾಯಗೊಂಡವರನ್ನು ಸ್ಟ್ರೆಚರಿನಲ್ಲಿ ಹೊತ್ತು ತರುವ ಹೊಣೆ ಬ್ಯಾಂಡಿನವರದು ಎಂಬುದು ಸೈನ್ಯಗಳ ಹಳೆಯ ಪದ್ಧತಿ. ಗುಂಡಿನ ನಡುವೆ ಇನ್ನೊಬ್ಬನ ಜೀವಕ್ಕೆ ಹೆಗಲು ಕೊಡುವುದಕ್ಕಿಂತ ದೊಡ್ಡ ಶೌರ್ಯ ಯಾವುದಿದೆ?

ಧೈರ್ಯದ ಈ ಮಾತು ನಮ್ಮೂರಾದ ಪೀರನವಾಡಿಗೆ ಬೇಕು. 2020ರ ಆಗಸ್ಟ್‌ನಲ್ಲಿ ರಾಯಣ್ಣನ ಪ್ರತಿಮೆಯ ವಿಚಾರವಾಗಿ ಇಲ್ಲಿ ಕನ್ನಡ, ಮರಾಠಿ ಮಂದಿ ಎದುರುಬದುರಾದರು. ಕೊನೆಗೆ ಹಿರಿಯರು ಕುಳಿತು ಮಾತಾಡಿದರು: ಪ್ರತಿಮೆ ರಾಯಣ್ಣನದು, ವೃತ್ತದ ಹೆಸರು ಶಿವಾಜಿ ಮಹಾರಾಜರದು ಎಂದು ಒಪ್ಪಿಕೊಂಡರು. ಕೂಗು ನಿಲ್ಲಿಸಿ ಕೂಡಿ ಕೂತದ್ದೂ ಧೈರ್ಯವೇ. ಲಾವಣಿಯಾಗಲಿ, ಮರಾಠಿಯ ಪೋವಾಡವಾಗಲಿ, ಹಾಡುವುದು ವೀರನನ್ನು. ಪಕ್ಕದ ಮನೆಯವರನ್ನು ಹಳಿಯಲಿಕ್ಕಲ್ಲ.

ಆದ್ದರಿಂದ ತಂದೆ ತಾಯಂದಿರೇ, ಮಕ್ಕಳಿಗೆ ಡೊಳ್ಳು ಕಲಿಸಿರಿ, ಲಾವಣಿ ಕಲಿಸಿರಿ. ಜೊತೆಗೆ ಬಿದ್ದವರನ್ನು ಎತ್ತುವುದನ್ನೂ ಕಲಿಸಿರಿ. ಬರುವ ಜನವರಿ 26ಕ್ಕೆ ಅವರನ್ನು ನಂದಗಡಕ್ಕೆ ಕರೆದೊಯ್ಯಿರಿ. ಹೋಗುವಾಗ ನೆರೆಮನೆಯ ಮರಾಠಿ ಮಕ್ಕಳನ್ನೂ ಕರೆಯಿರಿ.