ವಿಮೆಗೆ ಸೇರದ ಪುಟ

ನನ್ನ ತಮ್ಮ ಮಡಿಕೇರಿಯಲ್ಲಿ ಒಂದು ಬಾರ್ ನಡೆಸುತ್ತಾನೆ. ಗೋಡೆಯಲ್ಲಿ ದೊಡ್ಡ ಟಿ.ವಿ., ಅದರ ಎರಡೂ ಬದಿಗೆ ಹಾಕಿ ಕೋಲುಗಳು, 1972ರ ಮ್ಯೂನಿಕ್‌ನಲ್ಲಿ ಕಂಚು ತಂದ ಎಂ.ಪಿ. ಗಣೇಶ್ ಮತ್ತು 1980ರ ಮಾಸ್ಕೋದಲ್ಲಿ ಚಿನ್ನ ತಂದ ಎಂ.ಎಂ. ಸೋಮಯ್ಯ ಅವರ ಫೋಟೋಗಳು. ಪಂದ್ಯ ನೋಡುತ್ತ ಕುಡಿಯುವವರಿಗೆಂದೇ ಮಾಡಿದ ಜಾಗ ಅದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ 360 ತಂಡಗಳು ಬಂದ ಜಿಲ್ಲೆ ನಮ್ಮದು. ಗಿರಾಕಿಗಳಿಗೆ ಬರವಿಲ್ಲ.

ಕುಡಿತದ ವ್ಯಾಪಾರ ನನಗೆ ಹಿಡಿಸಿದ್ದಲ್ಲ. ಆದರೂ ಆ ವರ್ಷ ಮಳೆಗಾಲಕ್ಕೆ ಮೊದಲು ಅವನು ಒಂದು ಕಂತೆ ಕಾಗದ ತಂದು, "ಅಕ್ಕ, ನೀನು ಲೆಕ್ಕ ಬಲ್ಲವಳು. ಯಾವ ವಿಮೆ ಮಾಡಿಸಲಿ, ನೋಡಿ ಹೇಳು" ಎಂದಾಗ ಇಲ್ಲವೆನ್ನಲಾಗಲಿಲ್ಲ.

ವಿಮೆ ಎಂದರೆ ನನಗೆ ಮೊದಲು ನೆನಪಾಗುವುದು ನಮ್ಮ ಹಳ್ಳಿಗಳ ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಗುರುತಿಲ್ಲದ ಸಾವಿರಾರು ಜನ ಹೀಗೆಯೇ ಹಣ ಕೂಡಿಟ್ಟು, ಬಿದ್ದವನನ್ನು ಎತ್ತುವ ಏರ್ಪಾಡು ಇದು. ಚಿಕ್ಕ ಅಂಗಡಿ, ಹೋಟೆಲುಗಳಿಗೆಂದು 2021ರ ಏಪ್ರಿಲ್‌ನಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಬಂದಿದೆ. ಒಂದೇ ಸ್ಥಳದಲ್ಲಿ ಐದು ಕೋಟಿಯವರೆಗಿನ ಆಸ್ತಿಗೆ ಅದು ಸಿಗುತ್ತದೆ. ಬೆಂಕಿ, ಬಿರುಗಾಳಿ, ನೆರೆ, ಭೂಕುಸಿತ ಎಲ್ಲವೂ ಅದರಲ್ಲಿ ಸೇರಿವೆ.

ತಮ್ಮ ಬರೆದಿಟ್ಟ ಪಟ್ಟಿಯಲ್ಲಿ ಮೊದಲು ಟಿ.ವಿ., ಆಮೇಲೆ ದಾಸ್ತಾನು, ಆಮೇಲೆ ಫ್ರಿಜ್ಜುಗಳು. ಕೊನೆಯಲ್ಲಿ, ಪ್ರಶ್ನಾರ್ಥಕ ಚಿಹ್ನೆಯ ಜೊತೆ, 'ಹುಡುಗರು'. ಅಡುಗೆಮನೆಯಲ್ಲಿ ಕುದಿಯುವ ಎಣ್ಣೆಯ ಮುಂದೆ ನಿಲ್ಲುವ ನಾಲ್ವರು ಹುಡುಗರು! ಕೆಲಸದಲ್ಲಿ ಪೆಟ್ಟಾದರೆ ಯಜಮಾನನೇ ಪರಿಹಾರ ಕೊಡಬೇಕೆಂಬುದು 1923ರಿಂದಲೂ ಈ ದೇಶದ ಕಾನೂನು. ನಾನು ಪಟ್ಟಿಯನ್ನು ತಲೆಕೆಳಗು ಮಾಡಿ ಬರೆದೆ. ಅವನು ಸುಮ್ಮನಿದ್ದ.

ಕಂತು ಇಳಿಯಲೆಂದು ನಲವತ್ತು ಲಕ್ಷದ ಆಸ್ತಿಯನ್ನು ಇಪ್ಪತ್ತೆಂದು ತೋರಿಸಿದ್ದ. ಏಜೆಂಟರು ನಕ್ಕು ಬಿಡಿಸಿ ಹೇಳಿದರು: ಬೆಲೆ ಶೇಕಡಾ 15ರಷ್ಟು ಕಡಿಮೆ ಬಿದ್ದರೆ ಕಂಪನಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅರ್ಧಕ್ಕರ್ಧ ಮುಚ್ಚಿಟ್ಟರೆ, ಹತ್ತು ಲಕ್ಷ ನಷ್ಟವಾದಾಗ ಕೈಗೆ ಬರುವುದು ಐದೇ ಲಕ್ಷ. ಸುಳ್ಳು ಹೇಳಿದಷ್ಟೂ ನಷ್ಟ ನಮ್ಮದೇ.

ಏನೇನು ಸೇರುವುದಿಲ್ಲ ಎಂಬ ಪುಟವನ್ನು ಯಾರೂ ಓದುವುದಿಲ್ಲವಂತೆ. ನಾನು ಓದಿದೆ. ಗುಡ್ಡ ಜಾರಿದರೆ ಪರಿಹಾರ ಉಂಟು. ಆದರೆ ಮಣ್ಣು ಅಗೆದದ್ದರಿಂದ, ಕಟ್ಟಡದ ಕೆಲಸದಿಂದ ಜಾರಿದ್ದರೆ ಇಲ್ಲ. ತಮ್ಮ ಬಾರಿನ ಹಿಂದಿನ ದರೆಯನ್ನು ಕಡಿದು ಎಂಟು ಕಾರು ನಿಲ್ಲುವಷ್ಟು ಜಾಗ ಮಾಡಬೇಕೆಂದಿದ್ದ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಇಳಿದು ಬಂದದ್ದನ್ನು ಕಂಡ ಊರು ಇದು. ಗುಡ್ಡ ತಾನಾಗಿ ಬಿದ್ದದ್ದಕ್ಕೂ ನಾವು ಬೀಳಿಸಿದ್ದಕ್ಕೂ ಇರುವ ವ್ಯತ್ಯಾಸ ಆ ಒಣ ಕಾಗದಕ್ಕೆ ತಿಳಿದಿತ್ತು. ದರೆ ಕಡಿಯುವ ಮಾತು ಅಲ್ಲಿಗೇ ನಿಂತಿತು.

ನನ್ನನ್ನು ಬಹಳ ದಿನ ಕಾಡಿದ್ದು ಮಾತ್ರ ಗಿರಾಕಿಗಳ ವಾಹನದ ವಿಮೆ. ಮಾಲೀಕನೇ ವಾಹನ ಓಡಿಸುತ್ತ ಸತ್ತರೆ ಮನೆಯವರಿಗೆ 15 ಲಕ್ಷ ಸಿಗುವ ವಿಮೆ ಇದೆ. ಕುಡಿದು ಓಡಿಸಿದ್ದರೆ ಅದು ಸಿಗುವುದಿಲ್ಲ. ಅಂದರೆ ನನ್ನ ತಮ್ಮನ ಬಾರಿನಲ್ಲಿ ಕುಡಿದು ಸಂಪಾಜೆ ಘಾಟಿಯಲ್ಲಿ ಬಿದ್ದವನ ಹೆಂಡತಿಗೆ ಆ ದುಡ್ಡೂ ಇಲ್ಲ. ಬಾರಿನ ಒಡೆದ ಗಾಜಿಗೆ ದುಡ್ಡು ಬಂದೀತು, ಅವಳಿಗೆ ಬಾರದು.

"ಅದು ಅವರವರ ಕರ್ಮ ಅಕ್ಕ. ನಾನೇನು ಬಾಯಿಗೆ ಸುರಿದೆನೇ?" ಎಂದ ತಮ್ಮ.

ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕುಡಿಯುವವನು ಹಾಲುಗಲ್ಲದ ಮಗುವಲ್ಲ. ಆದರೆ ಒಬ್ಬ ಮನುಷ್ಯ ಆ ರಾತ್ರಿ ಎಷ್ಟು ಕುಡಿದಿದ್ದಾನೆಂದು ಅವನ ಹೆಂಡತಿಗೆ ಗೊತ್ತಿಲ್ಲ, ಪೊಲೀಸರಿಗೆ ಗೊತ್ತಿಲ್ಲ, ಅವನಿಗೇ ನೆನಪಿರುವುದಿಲ್ಲ. ತಮ್ಮನಿಗೆ ಗೊತ್ತು. ಬಿಲ್ಲು ಅವನ ಕೈಬರಹದಲ್ಲೇ ಇರುತ್ತದೆ. ತಿಳಿದವನಿಗೆ ತಿಳಿಯದವನಿಗಿಂತ ಹೆಚ್ಚು ಹೊಣೆ ಇರಬೇಡವೇ? ಅಮೆರಿಕದ ಹಲವು ರಾಜ್ಯಗಳಲ್ಲಿ ಅಮಲೇರಿದವನಿಗೆ ಮತ್ತೆ ಸುರಿದು ಕೊಟ್ಟ ಬಾರಿನವನನ್ನೂ ಕೋರ್ಟಿಗೆ ಎಳೆಯಬಹುದು. ಅದಕ್ಕೂ ಅಲ್ಲಿ ವಿಮೆ ಉಂಟು. ನಮ್ಮಲ್ಲೂ ಅಂಥದೊಂದು ಬಂದರೆ ತಮ್ಮ ಕಂತು ಕಟ್ಟಿ ನೆಮ್ಮದಿಯಾಗಿ ಮಲಗಬಹುದೇ ಎಂದು ಕೇಳಿಕೊಂಡೆ. ನಷ್ಟವನ್ನು ಹತ್ತು ಜನ ಹಂಚಿಕೊಳ್ಳಬಹುದು. ಗೊತ್ತಿದ್ದೂ ಸುಮ್ಮನಿದ್ದದ್ದನ್ನು ಯಾರ ಜೊತೆ ಹಂಚಿಕೊಳ್ಳುವುದು?

2024ರ ಆಗಸ್ಟ್ 8ರಂದು ಪ್ಯಾರಿಸ್‌ನಲ್ಲಿ ನಮ್ಮವರು ಸ್ಪೇನನ್ನು 2-1ರಿಂದ ಸೋಲಿಸಿ ಕಂಚು ಗೆದ್ದರು. ಹೊರಗೆ ಮಳೆ, ಒಳಗೆ ಹಬ್ಬ. ಪಂದ್ಯ ಮುಗಿದು ಮೂರು ಗಂಟೆಯಾದರೂ ಕೂತಿದ್ದ ಹಳೆಯ ಗಿರಾಕಿಯೊಬ್ಬ ಬೈಕಿನ ಕೀ ತೆಗೆದಾಗ ತಮ್ಮ ಅದನ್ನು ಕಸಿದುಕೊಂಡು, ಅವನನ್ನು ಜೀಪಿನಲ್ಲಿ ಮನೆಗೆ ಕಳಿಸಿದ. ಎಲ್ಲರೆದುರು ಸಿಕ್ಕ ಬೈಗುಳವನ್ನು ನನಗೆ ಪೂರ್ತಿ ಹೇಳಲಿಲ್ಲ. ಆ ಗಿರಾಕಿ ಆಮೇಲೆ ಬೇರೆ ಬಾರು ಹಿಡಿದನಂತೆ. ಇದರಿಂದ ತಮ್ಮನ ವ್ಯಾಪಾರ ಪುಣ್ಯದ ಕೆಲಸವಾಯಿತೆಂದು ನಾನು ಹೇಳಲಾರೆ. ಅಷ್ಟು ಕುಡಿಸಿದವನೂ ಅವನೇ ತಾನೆ?

ಈಗ ಗಲ್ಲದ ಹಿಂದೆ ಒಂದು ಹಲಗೆಗೆ ಮೊಳೆ ಹೊಡೆದು ಕೀ ತೂಗುಹಾಕಲು ಜಾಗ ಮಾಡಿದ್ದಾನೆ. ನಾಲ್ವರು ಹುಡುಗರ ಹೆಸರಿನ ಪಾಲಿಸಿಯೂ ಆಗಿದೆ, ಟಿ.ವಿ.ಯದು ಮುಂದಿನ ವರ್ಷಕ್ಕೆ ಎಂದ.

ಆ ರಾತ್ರಿಯ ಕೀಯನ್ನು ಮರುದಿನ ಬೆಳಿಗ್ಗೆ ಒಯ್ಯಲು ಬಂದವಳು ಅವನ ಹೆಂಡತಿ. ಕೊಡೆ ಮಡಿಸಿ, ಬಾಗಿಲಾಚೆಯೇ ನಿಂತು ಕೈ ಚಾಚಿದಳಂತೆ. ಏನೂ ಮಾತಾಡಲಿಲ್ಲವಂತೆ.