ವೇಗದ ಹೊಣೆ

ವೇಗವಾಗಿ ಸಾಗಬಲ್ಲವನು ಮೆಲ್ಲನೆ ನಡೆಯುವವನಿಗೆ ಏನನ್ನಾದರೂ ಸಲ್ಲಿಸಬೇಕಾದುದುಂಟೆ? ಸಾವಿರ ಜನರ ಒಂದೊಂದು ನಿಮಿಷವು ಹಿರಿದೋ, ಒಂದು ಮಗುವಿಗೆ ಒದಗಬಹುದಾದ ಪ್ರಾಣಭಯವು ಹಿರಿದೋ? ಇವು ಕೇವಲ ತಾರ್ಕಿಕರ ಕಾಲಕ್ಷೇಪವೆಂದು ತಿಳಿಯುವವರು ಅಮೆರಿಕೆಯ ಲಾಸ್ ಏಂಜಲೀಸ್ ಮಹಾನಗರದ ಒಂದು ಸಣ್ಣ ರೈಲು ನಿಲ್ದಾಣದ ವೃತ್ತಾಂತವನ್ನು ಪರಿಭಾವಿಸಬೇಕು.

ಫಾರ್ಮ್‌ಡೇಲ್ ಎಂಬುದು ಅದರ ಹೆಸರು. ನಗರದ ನಡುಭಾಗದಿಂದ ಸಾಂಟಾ ಮೋನಿಕಾದ ಕಡಲ ಕಡೆಗೆ ಹೋಗುವ ಲಘು ರೈಲಿನ ಮಾರ್ಗದಲ್ಲಿ ಅದು ಇರುವುದು. ಭವ್ಯವಾದ ಕಟ್ಟಡವೇನೂ ಅಲ್ಲಿಲ್ಲ. ಬೀದಿಯ ಮಟ್ಟದಲ್ಲಿಯೇ ಎರಡು ಪ್ಲಾಟ್‌ಫಾರಂಗಳು, ಅಷ್ಟೆ. ಮಗ್ಗುಲಲ್ಲಿಯೇ 1937ರಲ್ಲಿ ಆರಂಭವಾದ ಡಾರ್ಸಿ ಪ್ರೌಢಶಾಲೆ. ಮೊದಲಿನ ಯೋಜನೆಯಲ್ಲಿ ಇಲ್ಲಿ ನಿಲ್ದಾಣವೇ ಇರಲಿಲ್ಲ. ರೈಲು ಶಾಲೆಯ ಪಕ್ಕದ ಬೀದಿಯನ್ನು ನೆಲಮಟ್ಟದಲ್ಲಿ ದಾಟಿ, ನಿಲ್ಲದೆ ಮುಂದೆ ಸಾಗತಕ್ಕುದೆಂದು ನಿಶ್ಚಯವಾಗಿತ್ತು.

ಆ ಕೇರಿಯ ಜನರು ಇದನ್ನು ಒಪ್ಪಲಿಲ್ಲ. ಅವರಲ್ಲಿ ಬಹುಮಂದಿ ಆಫ್ರಿಕದ ಮೂಲದವರು, ಲ್ಯಾಟಿನ್ ಅಮೆರಿಕದ ಮೂಲದವರು. ಶಾಲೆ ಬಿಡುವ ಹೊತ್ತಿಗೆ ನೂರಾರು ಮಕ್ಕಳು ಒಮ್ಮೆಗೇ ಹೊರಬೀಳುವರು; ಗುಂಪಿನಲ್ಲಿ ಒಬ್ಬರನ್ನೊಬ್ಬರು ನೂಕುವುದೂ ಓಡುವುದೂ ಮಕ್ಕಳ ಸ್ವಭಾವ. ಆದುದರಿಂದ ರೈಲು ನೆಲದ ಕೆಳಗೋ ಸೇತುವೆಯ ಮೇಲೋ ಹೋಗಲಿ ಎಂಬುದು ಅವರ ಬೇಡಿಕೆ. ಈ ಭಯವು ನಿರಾಧಾರವಾದುದಲ್ಲ. ಅದೇ ನಗರದಲ್ಲಿ 1990ರಲ್ಲಿ ಆರಂಭವಾದ ಲಾಂಗ್ ಬೀಚ್ ಮಾರ್ಗದ ಹಳಿಗಳ ಮೇಲೆ ನೂರಕ್ಕೂ ಮಿಕ್ಕಿ ಜನರು ಪ್ರಾಣ ಕಳೆದುಕೊಂಡಿರುವರು.

ಇಲ್ಲೊಂದು ಸಂಗತಿಯು ವಿಚಾರಣೀಯವಾಗಿದೆ. ಇದರ ಮುಂದಿನ ನಿಲ್ದಾಣವಾದ ಲಾ ಬ್ರೆಯಾದಲ್ಲಿ ರೈಲು ರಸ್ತೆಯನ್ನು ಸೇತುವೆಯ ಮೇಲೆ ದಾಟುತ್ತದೆ. ಎಲ್ಲಿ ಸೇತುವೆ ಬೇಕು, ಎಲ್ಲಿ ಬೇಡವೆಂಬುದನ್ನು ಮುಖ್ಯವಾಗಿ ವಾಹನಗಳ ಸಂದಣಿಯನ್ನು ನೋಡಿ ಗೊತ್ತುಮಾಡುವುದು ಅಲ್ಲಿನ ಪದ್ಧತಿ. ಲೆಕ್ಕವು ತಪ್ಪಿರಲಾರದು. ಆದರೆ ಏನನ್ನು ಎಣಿಸಬೇಕೆಂಬುದನ್ನು ಲೆಕ್ಕವು ಹೇಳದು. ಅದನ್ನು ಎಣಿಸುವವನೇ ಮೊದಲು ತೀರ್ಮಾನಿಸಬೇಕು. ಕಾರುಗಳನ್ನು ಎಣಿಸಿದವರಿಗೆ ಮಕ್ಕಳು ಸಂಖ್ಯೆಯಾಗಿ ಕಾಣಿಸದೆ ಹೋದುದು ಆಶ್ಚರ್ಯವಲ್ಲ, ವಿಷಾದದ ವಿಷಯ.

ಕಡೆಗೆ ಒಂದು ನಡುದಾರಿ ಸಿದ್ಧವಾಯಿತು. ಸೇತುವೆ ಬೇಡ, ಅಲ್ಲೊಂದು ನಿಲ್ದಾಣವನ್ನೇ ಕಟ್ಟೋಣ. ಆಗ ರೈಲು ನಿಲ್ಲಲೇಬೇಕಾಗುವುದು. 2010ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಆಯೋಗವು ಇದಕ್ಕೆ ಸಮ್ಮತಿಯಿತ್ತಿತು. ಮಾರ್ಗದ ಮೊದಲ ಭಾಗವು 2012ರ ಏಪ್ರಿಲ್‌ನಲ್ಲಿ ತೆರೆದರೆ, ಈ ನಿಲ್ದಾಣವು ಅದೇ ವರ್ಷ ಜೂನ್ 20ರಂದು ತೆರೆಯಿತು. ಪ್ಲಾಟ್‌ಫಾರಂಗಳೆರಡೂ ಎದುರುಬದುರಾಗಿಲ್ಲ, ಅಡ್ಡಬೀದಿಯ ಆಚೆಗೊಂದು, ಈಚೆಗೊಂದು. ಯಾವ ದಿಕ್ಕಿನಿಂದ ಬಂದ ರೈಲಾದರೂ ಮೊದಲು ನಿಂತು, ಬಳಿಕವೇ ಬೀದಿಯನ್ನು ದಾಟುವುದು.

ಪ್ರಯಾಣಿಕನ ಆಕ್ಷೇಪವನ್ನೂ ಕೇಳಬೇಕು. ಪ್ರತಿದಿನ ಸಹಸ್ರಾರು ಜನರ ಕಾಲವು ಇಲ್ಲಿ ವ್ಯಯವಾಗುವುದು. ಅದೆಲ್ಲವನ್ನೂ ಕೂಡಿಸಿದರೆ ಎಷ್ಟು ದಿನಗಳಾದಾವು ಎಂದು ಅವನು ಕೇಳಬಹುದು. ಕೂಡಿಸಬಹುದು ನಿಜ, ಆದರೆ ಆ ಮೊತ್ತವನ್ನು ಅನುಭವಿಸುವವನು ಯಾರು? ಯಾರೊಬ್ಬನೂ ಅಷ್ಟು ದಿನಗಳನ್ನು ಕಳೆದುಕೊಳ್ಳುವುದಿಲ್ಲ. ಪ್ರತಿಯೊಬ್ಬನ ನಷ್ಟವೂ ಅಲ್ಪಕಾಲದ್ದೇ. ಅತ್ತಲಾದರೋ, ಹಳಿಯ ಮೇಲೆ ಬಿದ್ದ ಮಗುವಿನ ನಷ್ಟವು ಹಂಚಿಹೋಗುವಂತಹುದಲ್ಲ. ಅದೆಲ್ಲವೂ ಆ ಒಂದು ಜೀವದ ಮೇಲೆಯೇ, ಆ ಒಂದು ಮನೆಯ ಮೇಲೆಯೇ ಬೀಳುವುದು. ಹಂಚಿಕೊಳ್ಳಲು ಬರುವ ಕಷ್ಟವನ್ನು ಹಂಚಿಕೊಳ್ಳಲು ಬಾರದ ಕಷ್ಟದೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ಹಳಿಯು ಶಾಲೆಗಿಂತ ಹಳೆಯದೆಂಬ ವಾದವೂ ಉಂಟು. ಈ ದಾರಿಯಲ್ಲಿ ರೈಲು ಮೊದಲು ಓಡಿದುದು 1875ರಲ್ಲಿ. ಹಳೆಯ ವಿದ್ಯುತ್ ರೈಲಿನ ಪ್ರಯಾಣಿಕ ಸಂಚಾರವು 1953ರಲ್ಲಿ ನಿಂತಿತು. ಮೊದಲು ಬಂದವನಿಗೆ ಜಾಗದ ಮೇಲೆ ಹಕ್ಕಿರಬಹುದು. ಇನ್ನೊಬ್ಬನ ಜೀವದ ಮೇಲೆ ಇಲ್ಲ. ಈ ವಾದಕ್ಕೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಡ.

ಚಾಲಕನು ದಯಾಳುವಾಗಿದ್ದರೆ ಸಾಲದೆ, ನಿಲ್ದಾಣವೇಕೆ? ದಯಾಳುವಿಗೂ ಆಯಾಸವಾಗುವುದು, ಕಣ್ಣು ತಪ್ಪುವುದು. ನಿಲ್ಲುವುದನ್ನು ಅವನ ಮನಸ್ಸಿಗೆ ಬಿಡದೆ ದಾರಿಯ ಕಟ್ಟಳೆಯನ್ನಾಗಿ ಮಾಡಿದುದರಿಂದ ದಯೆಯೇನೂ ಕುಂದಲಿಲ್ಲ. ಅದು ಗಾರೆಗಚ್ಚಿನಲ್ಲಿ ನೆಲೆನಿಂತಿತು. ನಿಲ್ದಾಣವು ಎದ್ದುದು ರೈಲು ಏರುವವರು ಕೇಳಿದುದರಿಂದಲ್ಲ, ಏರದೆ ಬೀದಿಯನ್ನು ದಾಟುವವರಿಗಾಗಿ. ಈಗ ಏರುವವರಿಗೂ ಅದು ಒದಗಿದೆ.

ಆದರೂ ಜನರು ಕೇಳಿದುದು ಸೇತುವೆಯನ್ನು, ದೊರೆತುದು ನಿಲುಗಡೆಯನ್ನು. ಇದನ್ನು ಪೂರ್ಣನ್ಯಾಯವೆನ್ನಲಾಗದು, ಕೇಳಿ ಕೇಳಿ ವರ್ಷಗಳು ಕಳೆದ ಮೇಲೆ ಬಂದ ರಕ್ಷಣೆಯಲ್ಲಿ ಅನುಗ್ರಹದ ಛಾಯೆ ಉಳಿದೇ ಉಳಿಯುವುದು. ಅಲ್ಲಿಂದ ಅನತಿದೂರದಲ್ಲಿ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇನ್ನೊಂದು ಮಾರ್ಗವು ಪಾರ್ಕ್ ಮೇಸಾ ಹೈಟ್ಸ್ ಎಂಬ ಕೇರಿಯಲ್ಲಿ ಬೀದಿಯ ಮೇಲೆಯೇ ಹಾದುಹೋಗುತ್ತದೆ. ಅದನ್ನು ನೆಲದ ಕೆಳಗೆ ಒಯ್ಯಿರೆಂದು ಅಲ್ಲಿಯ ಜನರೂ ಬಹುಕಾಲ ಬೇಡಿದ್ದರು.