ಕಂಡದ್ದೆಲ್ಲವೂ ರೋಗವೇ?

ಕ್ಯಾನ್ಸರನ್ನು ಎಷ್ಟು ಬೇಗ ಪತ್ತೆ ಹಚ್ಚಿದರೆ ಅಷ್ಟು ಒಳಿತು ಎಂದು ನಾವೆಲ್ಲ ನಂಬಿದ್ದೇವೆ. ಅದನ್ನು ಪ್ರಶ್ನಿಸುವುದೇ ತಪ್ಪೆಂಬಂತಾಗಿದೆ. ಆದರೆ ದಕ್ಷಿಣ ಕೊರಿಯಾದ ಅನುಭವ ನಮ್ಮನ್ನು ಯೋಚನೆಗೆ ಹಚ್ಚುತ್ತದೆ.

1999ರಲ್ಲಿ ಅಲ್ಲಿನ ಸರಕಾರ ಕ್ಯಾನ್ಸರ್ ತಪಾಸಣಾ ಯೋಜನೆ ಆರಂಭಿಸಿತು. ಥೈರಾಯ್ಡ್ ಅದರ ಪಟ್ಟಿಯಲ್ಲಿರಲಿಲ್ಲ. ಆದರೂ ತಪಾಸಣೆಗೆ ಬಂದವರಿಗೆ ಸಣ್ಣ ಶುಲ್ಕದಲ್ಲಿ ಕುತ್ತಿಗೆಯ ಅಲ್ಟ್ರಾಸೌಂಡ್ ಕೂಡ ನಡೆಯತೊಡಗಿತು. ಯಂತ್ರ ಹೇಗೂ ಅಲ್ಲೇ ಇತ್ತಲ್ಲ! 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ ಹದಿನೈದು ಪಟ್ಟಾಯಿತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಮಂದಿ ಕ್ಯಾನ್ಸರ್ ರೋಗಿಗಳೆನಿಸಿದರು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ವರ್ಷಕ್ಕೆ ಸುಮಾರು 400ರ ಆಸುಪಾಸಿನಲ್ಲೇ ನಿಂತಿತ್ತು.

ಹಾಗಾದರೆ ಯಂತ್ರ ಸುಳ್ಳು ಹೇಳಿತೇ? ಇಲ್ಲ. ಅದು ಕಂಡದ್ದು ನಿಜವಾದ ಕ್ಯಾನ್ಸರ್ ಗಂಟುಗಳನ್ನೇ. ಆದರೆ ಅವುಗಳಲ್ಲಿ ಹೆಚ್ಚಿನವು ಮನುಷ್ಯನ ಆಯುಷ್ಯವಿಡೀ ತೊಂದರೆ ಕೊಡದೆ ಇದ್ದುಬಿಡುವಂಥವು. ಫಿನ್ಲೆಂಡಿನಲ್ಲಿ ಬೇರೆ ಕಾರಣಗಳಿಂದ ಸತ್ತ 101 ಮಂದಿಯ ಥೈರಾಯ್ಡನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಮೂರರಲ್ಲೊಂದು ಭಾಗ ಜನರಲ್ಲಿ ಇಂಥ ಪುಟ್ಟ ಗಂಟುಗಳಿದ್ದುದು 1985ರಲ್ಲೇ ವರದಿಯಾಗಿತ್ತು.

ಕೊರಿಯಾದಲ್ಲಿ ಹೀಗೆ ಪತ್ತೆಯಾದ ಬಹುತೇಕ ಎಲ್ಲರಿಗೂ ಶಸ್ತ್ರಚಿಕಿತ್ಸೆಯಾಯಿತು. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಿಗೆ ಜೀವನವಿಡೀ ಮಾತ್ರೆ. ನೂರರಲ್ಲಿ ಹನ್ನೊಂದು ಮಂದಿಗೆ ದೇಹದ ಕ್ಯಾಲ್ಸಿಯಂ ಕಾಯುವ ಪುಟ್ಟ ಗ್ರಂಥಿಗಳು ಕೈಕೊಟ್ಟವು. ಇಬ್ಬರಿಗೆ ಧ್ವನಿತಂತುಗಳು ಸೋತವು.

ನಮ್ಮನ್ನು ಕಾಡುವ ನೈತಿಕ ಪ್ರಶ್ನೆ ಇರುವುದು ಇಲ್ಲಿ. ಅನಗತ್ಯವಾಗಿ ಕತ್ತಿಗೆ ಕುತ್ತಿಗೆ ಕೊಟ್ಟವನು ವೈದ್ಯರನ್ನು ದೂರುವುದಿಲ್ಲ. ಜೀವ ಉಳಿಸಿದಿರಿ ಎಂದು ಕೈಮುಗಿಯುತ್ತಾನೆ. ಅವನ ಗಂಟು ಅಪಾಯದ್ದೋ ಅಲ್ಲವೋ ಎಂಬುದು ಅವನಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ದೂರುವವರೇ ಇಲ್ಲದ ಅನ್ಯಾಯವನ್ನು ಯಾರು ತಡೆಯಬೇಕು?

2014ರಲ್ಲಿ ಕೊರಿಯಾದ ಕೆಲವು ವೈದ್ಯರೇ ಮುಂದೆ ಬಂದು ಈ ತಪಾಸಣೆ ಬೇಡವೆಂದು ಬಹಿರಂಗವಾಗಿ ಹೇಳಿದರು. ಸ್ವಂತ ವೃತ್ತಿಯ ಆದಾಯಕ್ಕೆ ವಿರುದ್ಧವಾದ ಮಾತು! ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಗಳು ಶೇ. 35ರಷ್ಟು ಇಳಿದವು.

ಇದನ್ನೋದಿ ಯಾರೂ ತಪಾಸಣೆಗೆ ಬೆನ್ನು ತಿರುಗಿಸಬಾರದು. ನಮ್ಮಲ್ಲಿ ಬಾಯಿಯ ಮತ್ತು ಗರ್ಭಕಂಠದ ಕ್ಯಾನ್ಸರ್ ಇರುವ ಎಷ್ಟೋ ಮಂದಿ ಆಸ್ಪತ್ರೆ ತಲುಪುವುದೇ ಕೈಮೀರಿದ ಮೇಲೆ. ವಾಸಿಯಾಗದ ಹುಣ್ಣನ್ನು ತೋರಿಸದೆ ಕೂರುವುದು ತಪ್ಪೇ. ಆದರೆ ರಿಯಾಯಿತಿ ದರದ 'ಫುಲ್ ಬಾಡಿ ಚೆಕಪ್' ಜಾಹೀರಾತು ಕಂಡೊಡನೆ ಓಡುವವರು ನಮ್ಮಲ್ಲೂ ಹೆಚ್ಚುತ್ತಿದ್ದಾರೆ. ಗಂಟೊಂದು ಕಂಡರೆ ಮುಂದೇನು ಎಂದು ಅವರಿಗೆ ಮೊದಲೇ ಹೇಳುವವರು ಎಷ್ಟು ಜನ?

ಜಪಾನಿನ ಕೋಬೆ ನಗರದ ಕೂಮ ಆಸ್ಪತ್ರೆ 1993ರಿಂದಲೇ ಬೇರೆ ದಾರಿ ಹಿಡಿದಿದೆ. ಒಂದು ಸೆಂಟಿಮೀಟರ್ ಮೀರದ, ಅಪಾಯದ ಲಕ್ಷಣವಿಲ್ಲದ ಗಂಟುಗಳನ್ನು ಕತ್ತರಿಸದೆ ಕಾದು ನೋಡುವ ಆಯ್ಕೆಯನ್ನು ಅಲ್ಲಿ ರೋಗಿಯ ಮುಂದಿಡುತ್ತಾರೆ. ಹೀಗೆ ಕಾದ 1,235 ಮಂದಿಯ ವರದಿ 2014ರಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳಲ್ಲಿ ಗಂಟು ಬೆಳೆದದ್ದು ಶೇ. 8ರಷ್ಟು ಜನರಲ್ಲಿ. ಆ ಕ್ಯಾನ್ಸರಿನಿಂದ ಸತ್ತವರು ಒಬ್ಬರೂ ಇರಲಿಲ್ಲ.